ಗುಂಡಗಿದ್ದರೆ ನುಂಗೋದೇ

ದಾಬಸ್‌ಪೇಟೆಯ ಔಷಧಿ ಕಾರ್ಖಾನೆಯಲ್ಲಿ ಜ್ಯೋತಿಲಕ್ಷ್ಮಿಯ ಕೆಲಸ ಒಂದೇ: ಮಾತ್ರೆ ನುಂಗಲಾಗದವರಿಗೆ ಅಗಿದು ತಿನ್ನುವ ಮೆತ್ತನೆಯ ಕ್ಯಾಪ್ಸೂಲ್ ಮಾಡುವುದು. ಈ ಹಟ ಹುಟ್ಟಿದ್ದು ಮನೆಯಲ್ಲೇ. ಲಕ್ವ ಹೊಡೆದ ಮೇಲೆ ಮಾವ ಬೈರಣ್ಣನವರ ಗಂಟಲಲ್ಲಿ ಮಾತ್ರೆ ಇಳಿಯುತ್ತಿರಲಿಲ್ಲ. ತಪ್ಪಿಸಿದರೆ ಇನ್ನೊಮ್ಮೆ ಹೊಡೆಯಬಹುದೆಂದು ಡಾಕ್ಟರು ಹೆದರಿಸಿದ್ದರು. ಅತ್ತೆ ಮಾರಕ್ಕ ತಮ್ಮ ಅಡಿಕೆ ಕುಟ್ಟಾಣಿಯಲ್ಲೇ ಅದನ್ನು ಪುಡಿ ಮಾಡಿ ಜೇನಲ್ಲಿ ಕಲಸಿ ಕೊಟ್ಟರೆ, ಮಾವ ಥೂ ಎಂದು ಉಗಿಯುತ್ತಿದ್ದರು. ಕುಟ್ಟಾಣಿಗೆ ಕಹಿ ಹಿಡಿದು ಅತ್ತೆಯ ಎಲೆಯಡಿಕೆಯೂ ಕೆಟ್ಟಿತು. ದಿನಾ ಬೆಳಗ್ಗೆ ಮನೆಯಲ್ಲಿ ಕುರುಕ್ಷೇತ್ರ!

ಅಂತೂ ದ್ರಾಕ್ಷಿಯಷ್ಟು ದಪ್ಪದ ಗುಂಡು ಕ್ಯಾಪ್ಸೂಲ್ ತಯಾರಾಯಿತು. ಡಾಕ್ಟರನ್ನು ಕೇಳಿಕೊಂಡು, ಔಷಧಿ ತುಂಬದ ಒಂದನ್ನು ಜ್ಯೋತಿ ಮನೆಗೆ ತಂದಳು.

“ಅಗಿದು ತಿನ್ನಿ ಮಾವ.”

ಮಾವ ತಲೆಯಾಡಿಸಿ ಬಾಯಿಗೆ ಹಾಕಿಕೊಂಡರು. ಗುಳುಕ್! ಮರುಕ್ಷಣವೇ ಕೆಮ್ಮು, ಕಣ್ಣು ಮೇಲಕ್ಕೆ. ಅಯ್ಯೋ ದೇವರೇ, ಜ್ಯೋತಿಯ ಜೀವ ಬಾಯಿಗೆ ಬಂತು. ಮಾರಕ್ಕ ಗಂಡನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದರು. ಟಪ್ಪನೆ ಹೊರಗೆ ಬಿದ್ದ ಕ್ಯಾಪ್ಸೂಲಿಗೆ ಒಂದು ಹಲ್ಲೂ ತಾಕಿರಲಿಲ್ಲ.

“ಅಗೀರಿ ಅಂದ್ನಲ್ಲ ಮಾವ!” ಅಳುತ್ತಲೇ ಸಿಡುಕಿದಳು.

“ಗುಂಡಗೆ ಮೆತ್ತಗಿದ್ರೆ ಯಾವನಮ್ಮ ಅಗೀತಾನೆ? ಮುದ್ದೆ ಅಗಿಯೋನನ್ನ ನೋಡಿ ನಗೋ ಮನೆ ಕಣಮ್ಮ ನಮ್ದು. ಬಾಯಿಗೆ ಹಾಕ್ದೆ, ತಾನೇ ಒಳಕ್ಕೆ ಹೋಯ್ತು.”

ಹೌದಲ್ಲ! ಮುದ್ದೆ ನುಂಗಿಯೇ ಬೆಳೆದ ತನಗೇ ಇದು ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡಳು.

ಮರುದಿನ ಕಾರ್ಖಾನೆಯಲ್ಲಿ ಮೇಲಧಿಕಾರಿ ಹರಿಪ್ರಸಾದ್ ಮುಖ ಸಿಂಡರಿಸಿದರು. “ಮತ್ತೆ ಅಚ್ಚು ಮಾಡಿಸ್ಬೇಕಾ? ವರ್ಷ ಹೋಗುತ್ತಮ್ಮ.”

“ಹೋಗ್ಲಿ ಸಾರ್, ಜೀವ ಹೋಗೋದು ಬೇಡ. ಹಲಸಿನ ತೊಳೆ ಸೀಳಿದ ಹಾಗೆ ಉದ್ದಕ್ಕೆ, ಚಪ್ಪಟೆಗೆ ಮಾಡೋಣ. ತೊಳೆ ಕೈಗೆ ಬಂದ್ರೆ ಯಾರೂ ಇಡೀದು ನುಂಗಲ್ಲ, ಕಚ್ತಾರೆ.”

ಪರೀಕ್ಷೆ, ಪರವಾನಗಿ ಎಲ್ಲ ಮುಗಿದು, ಔಷಧಿ ತುಂಬಿದ ಮೊದಲ ತೊಳೆ ಡಾಕ್ಟರ ಎದುರಲ್ಲೇ ಮಾವನ ಕೈ ಸೇರಿತು. ಮಾವ ಅದನ್ನು ತಿರುಗಿಸಿ ನೋಡಿದರು, ಮೂಸಿದರು. ಅರ್ಧ ಕಚ್ಚಿದರು. ಸಾವಕಾಶವಾಗಿ ಅಗಿದರು, ಉಳಿದರ್ಧವನ್ನೂ ಅಗಿದರು. ಗಂಟಲು ಮೇಲೆ ಕೆಳಗೆ ಆಡಿತು. ಕೆಮ್ಮಿಲ್ಲ!

“ಇನ್ನೊಂದು ಕೊಡಮ್ಮ.”

“ಔಷಧಿ ಕಣ್ ಮಾವ, ಹಲಸಿನಹಣ್ಣಲ್ಲ!” ಎಂದು ಬೈದಳು. ಹೋದ ಜೀವ ಬಂದಂತಾಗಿ ಕಣ್ಣು ತುಂಬಿತ್ತು.

ಮನೆಗೆ ಬಂದವರೇ ಮಾರಕ್ಕ ಹುಣಸೆಹಣ್ಣು ಹಚ್ಚಿ ಕುಟ್ಟಾಣಿಯನ್ನು ತಿಕ್ಕಿ ತೊಳೆದರು. ಅಡಿಕೆ ಕುಟ್ಟಿ, ಎಲೆಯ ಜೊತೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿದರು.

“ಕಹಿ ಹೋಯ್ತು ಕಣೇ ಜ್ಯೋತಿ” ಎಂದರು.