ಓರಗಿತ್ತಿ ಬಂದಿದ್ದಳು

“ಆ ಸೂಪಿನೊಳಗೆ ನಿಂಬೆರಸ, ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ಸದ್ದಿಲ್ಲದೆ ಬಂದು ಕೂತಂತಿತ್ತು,” ಎಂದು ಮಗಳು ಪತ್ರಿಕೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ಗಟ್ಟಿಯಾಗಿ ಓದಿದಳು.

ಏಳು ತಿಂಗಳ ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಳೆಹಣ್ಣು ಹಿಸುಕುತ್ತಿದ್ದ ತಾಯಿಯ ಕೈ ಅಲ್ಲೇ ನಿಂತಿತು. ಆ ಮಾತು ಅವಳದಲ್ಲ. ಗಂಡನದಂತೂ ಅಲ್ಲವೇ ಅಲ್ಲ.

“ಅಮ್ಮಾ, ಅದು ನಾನು ಹೇಳಿದ್ದು! ಕೆರೆ ಪಕ್ಕದ ಹೋಟೆಲಲ್ಲಿ. ಅಪ್ಪ ಹಾಗ್ಹಾಗೇ ಹಾಕಿಬಿಟ್ಟಿದ್ದಾನೆ!”

“ಹೂಂ ಕಣಮ್ಮ ಮೆಣಸು, ನಿಂದೇ,” ಎಂದ ಗಂಡ, ಚಹಾದ ಲೋಟದಿಂದ ಮುಖ ಎತ್ತದೆ. ಹನ್ನೊಂದು ವರ್ಷದ ಮಗಳು ಗಾತ್ರದಲ್ಲಿ ಸಣ್ಣವಳು, ಬಾಯಲ್ಲಿ ಚುರುಕು. ಮನೆಯಲ್ಲಿ ಅವಳು ಹುಟ್ಟಿದಾಗಿನಿಂದ ಮೆಣಸೇ.

“ಚೆನ್ನಾಗಿದೆ,” ಎಂದಳು ತಾಯಿ. ಬಾಳೆಹಣ್ಣು ಆಗಲೇ ನುಣ್ಣಗಾಗಿತ್ತು. ಆದರೂ ಇನ್ನಷ್ಟು ಹಿಸುಕಿದಳು.

ಅವಳ ಗಂಡ ವಾರಪತ್ರಿಕೆಗೆ ಹೋಟೆಲುಗಳ ಬಗ್ಗೆ ಬರೆಯುತ್ತಿದ್ದ. ಒಂದು ವಾರ ತಮ್ಮ ಊರಿನದು, ಇನ್ನೊಂದು ವಾರ ಬಸ್ಸು ಹಿಡಿದು ಹೋಗುವ ಯಾವುದೋ ಪರವೂರಿನದು. ಅಂಕಣದ ಕೆಳಗೆ ‘ಹಸಿದವನು’ ಎಂಬ ಹೆಸರು ಮಾತ್ರ. ಆ ಹಸಿದವನಿಗೆ ವಾಸನೆಯೇ ತಿಳಿಯುವುದಿಲ್ಲ ಎಂಬುದು ಲೋಕದಲ್ಲಿ ಹೆಂಡತಿ, ಮಗಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆರು ವರ್ಷದ ಹಿಂದೆ ಬಂದ ಒಂದು ಜ್ವರ, ಹೋಗುವಾಗ ಅವನ ಮೂಗನ್ನೂ ಮುಕ್ಕಾಲು ನಾಲಗೆಯನ್ನೂ ಜೊತೆಗೆ ಕೊಂಡೊಯ್ದಿತ್ತು. ಬಿಸಿ, ತಣ್ಣಗೆ, ಮೆತ್ತಗೆ, ಗಟ್ಟಿ — ಅಷ್ಟು ಗೊತ್ತಾಗುತ್ತಿತ್ತು. ಉಳಿದದ್ದೆಲ್ಲ ಎದುರಿಗೆ ಕೂತ ಹೆಂಡತಿ ಹೇಳಬೇಕು, ಅವನು ಮೇಜಿನ ಕೆಳಗೆ ಚೀಟಿಯಲ್ಲಿ ಗೀಚಿಕೊಳ್ಳಬೇಕು.

ಬಡಿಸುವವರ ಕಿವಿಗೆ ಬೀಳದಂತೆ ಹೇಳುವುದು ಹೇಗೆ? ಅದಕ್ಕೆ ಅವಳೇ ಒಂದು ಉಪಾಯ ಕಂಡುಹಿಡಿದಿದ್ದಳು. ನೆಂಟರ ಸುದ್ದಿ ಆಡಿದಂತೆ ಆಡುವುದು. ಉಪ್ಪೆಂದರೆ ಭಾವ, ಎಣ್ಣೆಯೆಂದರೆ ದೊಡ್ಡಪ್ಪ, ಖಾರವೆಂದರೆ ಅತ್ತೆ. ಹುಳಿಗೆ ಓರಗಿತ್ತಿ. ನಿನ್ನೆಯ ಅಡುಗೆಯನ್ನು ಬಿಸಿ ಮಾಡಿ ತಂದಿಟ್ಟಿದ್ದರೆ, “ಬೀಗರು ಇನ್ನೂ ಹೊರಟಿಲ್ಲ ಕಣ್ರೀ.” ಒಮ್ಮೆ ಅವಳು, “ದೊಡ್ಡಪ್ಪ ಬಂದವರು ಕಾಲು ಚಾಚಿ ಇಡೀ ಮನೆ ತುಂಬ ಮಲಗಿಬಿಟ್ಟಿದ್ದಾರೆ,” ಎಂದಾಗ ಪಕ್ಕದ ಮೇಜಿನ ಹೆಂಗಸು, “ನಮ್ಮನೇಲೂ ಅದೇ ಕಥೆ ಕಣ್ರೀ,” ಎಂದು ನಿಟ್ಟುಸಿರು ಬಿಟ್ಟಿದ್ದಳು. ಗಂಡಹೆಂಡತಿ ನಗು ತಡೆಯಲಾರದೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿದ್ದರು.

ಕೂಸು ಹುಟ್ಟಿದ ಮೇಲೆ ಮೊದಲ ಕೆಲವು ತಿಂಗಳು ಅದನ್ನು ಮಡಿಲಲ್ಲಿ ಮಲಗಿಸಿಕೊಂಡೇ ನಡೆಯಿತು, ಆಮೇಲೆ ಅದೆಲ್ಲ ನಿಂತಿತು. ಉಂಡೆಯ ಹಾಗಿದ್ದುದರಿಂದ ಉಂಡೆಯೆಂದೇ ಕರೆಸಿಕೊಂಡ ಆ ಕೂಸು ಹೋಟೆಲಿನ ಬಾಗಿಲು ಕಂಡರೆ ಸಾಕು, ಊರೇ ಕಿತ್ತುಹೋಗುವಂತೆ ಅಳುತ್ತಿತ್ತು. “ಮೆಣಸನ್ನ ಕರ್ಕೊಂಡು ಹೋಗಿ. ನೆಂಟರ ಭಾಷೆ ಅವಳಿಗೂ ಬರುತ್ತೆ,” ಎಂದವಳು ತಾಯಿಯೇ. ಒಂದೆರಡು ವಾರದ ಮಾತು ಎಂದುಕೊಂಡಿದ್ದಳು. ಆರು ವಾರವಾಗಿತ್ತು.

ಮಧ್ಯಾಹ್ನ ಸಂಪಾದಕರ ಫೋನು ಬಂತು. ಗಂಡ ಸ್ನಾನಕ್ಕೆ ಹೋಗಿದ್ದರಿಂದ ಅವಳೇ ಎತ್ತಿದಳು.

“ಏನಮ್ಮಾ, ನಿಮ್ಮ ಯಜಮಾನರಿಗೆ ಏನು ತಿನ್ನಿಸ್ತಿದೀರಿ?” ಸಂಪಾದಕರು ನಕ್ಕರು. “ಬರವಣಿಗೆಗೆ ಹತ್ತು ವರ್ಷ ಪ್ರಾಯ ಕಡಿಮೆಯಾಗಿದೆಯಲ್ಲಾ! ಆ ಚಪ್ಪಲಿ ಬಿಟ್ಟು ಬಂದ ನಿಂಬೆಹಣ್ಣು... ಆಫೀಸಲ್ಲೆಲ್ಲ ಅದೇ ಮಾತು. ಮುಂಚೆ ಬರೀತಿದ್ದುದರಲ್ಲಿ ಈ ಹೊಳಪು ಇರಲಿಲ್ಲ ನೋಡಿ.”

“ಹೇಳ್ತೀನಿ ಸರ್,” ಎಂದು ಫೋನಿಟ್ಟಳು.

ಮುಂಚೆ ಬರೀತಿದ್ದುದು. ಆ ಆರು ವರ್ಷದ ‘ಮುಂಚೆ’ ಎಂದರೆ ಅವಳ ನಾಲಗೆಯೇ. ಹೆತ್ತ ಮಗಳನ್ನು ಜನ ಹೊಗಳಿದರೆ ಖುಷಿಪಡಬೇಕು ಎಂದು ತನಗೆ ತಾನೇ ಗದರಿಕೊಂಡಳು. ತೊಟ್ಟಿಲ ಬಟ್ಟೆ ಒಗೆದಳು, ಹಿಂಡಿದಳು, ಹರವಿದಳು. ಆ ‘ಹೊಳಪು’ ಕಿವಿಯಲ್ಲಿ ಹಾಗೇ ಇತ್ತು.

ಬುಧವಾರ ಸಂಜೆ ಅವಳು ಕುಂಬಳಕಾಯಿ ಸೂಪು ಮಾಡಿದಳು. ಒಲೆ ಆರಿಸಿದ ಮೇಲೆ ಒಂದು ನಿಂಬೆಹೋಳನ್ನು ಬೊಗಸೆಯಲ್ಲಿ ಮರೆಮಾಡಿ ಹಿಂಡಿದಳು, ಒಂದು, ಎರಡು, ಏಳು ಹನಿ. ಏಳಕ್ಕೆ ನಿಲ್ಲಿಸಿದಳು. ದೊಡ್ಡವರ ನಾಲಗೆಗೂ ಸಿಕ್ಕದಷ್ಟು. ಸಿಪ್ಪೆಯನ್ನು ಬುಟ್ಟಿಯಲ್ಲಿ ಕುಂಬಳದ ತೊಗಟೆಯ ಅಡಿಗೆ ತಳ್ಳಿದಳು.

ಊಟಕ್ಕೆ ಕೂತಾಗ ಗಂಡ ಒಂದು ಚಮಚ ಬಾಯಿಗಿಟ್ಟುಕೊಂಡು, ಅಭ್ಯಾಸಬಲದಿಂದ ಮಗಳ ಕಡೆ ತಿರುಗಿದ. “ಹೇಳಮ್ಮಾ ಮೆಣಸು, ಯಾರ್ಯಾರು ಬಂದಿದ್ದಾರೆ?”

ಆರು ವರ್ಷ ಆ ಪ್ರಶ್ನೆಗೆ ಅವನು ತಿರುಗುತ್ತಿದ್ದುದು ಹೆಂಡತಿಯ ಕಡೆಗೆ.

ಮಗಳು ಕಣ್ಣು ಮುಚ್ಚಿದಳು. “ಭಾವ ಇದ್ದಾನೆ, ಸರಿಯಾಗಿ ಕೂತಿದ್ದಾನೆ. ದೊಡ್ಡಪ್ಪ ಇಲ್ಲ. ಅತ್ತೆ ಚೂರು ಗೊಣಗ್ತಿದ್ದಾರೆ. ಆಮೇಲೆ...” ಇನ್ನೊಂದು ಚಮಚ. “ಓರಗಿತ್ತಿ ಬಂದಿದ್ದಾಳಮ್ಮಾ. ಬಾಗಿಲ ಹಿಂದೆ ನಿಂತ್ಕೊಂಡು ಇಣುಕ್ತಿದ್ದಾಳೆ.”

“ಇಲ್ಲ,” ಎಂದಳು ತಾಯಿ.

“ಇದ್ದಾಳಮ್ಮಾ.”

“ಹುಳಿ ಹಾಕೇ ಇಲ್ಲ ಕಣೇ ನಾನು.”

ಮಗಳು ಮತ್ತೆ ರುಚಿ ನೋಡಿದಳು. ಅವಳ ಹುಬ್ಬು ಗಂಟಿಕ್ಕಿತು. “ಒಂಚೂರೂ?”

“ಮಾಡಿದವಳು ನಾನಾ, ನೀನಾ?” ದನಿ ಮೆತ್ತಗೇ ಇತ್ತು. ಮಕ್ಕಳ ಮೇಲೆ ಅವಳು ಗಟ್ಟಿ ದನಿ ಎತ್ತಿದವಳೇ ಅಲ್ಲ. “ಮೂಗು ಒಂದೊಂದ್ಸಲ ಸುಳ್ಳು ಹೇಳುತ್ತೆ ಪುಟ್ಟಾ. ಹಾಗಂತ ಸಿಕ್ಕಿದ್ದನ್ನೆಲ್ಲ ಅಪ್ಪನಿಗೆ ಹೇಳಿಬಿಟ್ಟರೆ, ಅವರು ಅದನ್ನೇ ಬರೆದುಬಿಟ್ಟರೆ? ಹೋಟೆಲಿನವರ ಹೊಟ್ಟೆಪಾಡಿನ ವಿಷಯ ಅಲ್ವಾ?”

ಮಗಳು ಚಮಚ ಕೆಳಗಿಟ್ಟಳು. “ಹೌದಾ,” ಎಂದಳು ಅಷ್ಟೇ. ತಾಯಿಗೆ ಆ ಸೂಪು ಅವತ್ತು ಬಲು ರುಚಿಯಾಗಿತ್ತು.

ಶನಿವಾರ ಅಪ್ಪ ಮಗಳು ನಿಲ್ದಾಣದ ಹತ್ತಿರದ ಹೊಸ ಹೋಟೆಲಿಗೆ ಹೋಗಿ ಬಂದರು. ಬಂದವಳೇ ಮಗಳು ಪುಸ್ತಕ ಹಿಡಿದು ಮೂಲೆ ಸೇರಿದಳು. “ಒಂದು ಮಾತೂ ಆಡಲಿಲ್ಲ ಕಣೇ,” ಎಂದ ಗಂಡ, ಶೂ ಬಿಚ್ಚುತ್ತಾ. “ಎಷ್ಟು ಕೇಳಿದ್ರೂ ‘ಗೊತ್ತಾಗ್ತಿಲ್ಲ ಅಪ್ಪ, ಗೊತ್ತಾಗ್ತಿಲ್ಲ.’ ನಾನು ಮೆತ್ತಗಿದೆ, ಬಿಸಿಯಿದೆ ಅಂತ ಎಷ್ಟು ಅಂತ ಬರೀಲಿ?”

ಮುಂದಿನ ಅಂಕಣದಲ್ಲಿ ‘ಚೆನ್ನಾಗಿತ್ತು’ ಎಂಬ ಮಾತು ನಾಲ್ಕು ಕಡೆ ಬಂತು. ತಾಯಿ ಕೂಸಿಗೆ ಹಾಲೂಡಿಸುತ್ತಾ ಅದನ್ನು ಎರಡು ಸಲ ಓದಿದಳು. ಮೊದಲ ಸಲ ಓದಿದಾಗ ತುಟಿಯಂಚಿನಲ್ಲಿ ಒಂದು ನಗು ಬಂದಿತ್ತು. ಎರಡನೇ ಸಲ ಅದು ಬರಲಿಲ್ಲ. ಈ ಸಲ ಮಗಳು ಪತ್ರಿಕೆ ಮುಟ್ಟಿಯೂ ನೋಡಿರಲಿಲ್ಲ.

ಎರಡು ದಿನ ಕಳೆದು, ಒಂದು ಬೆಳಿಗ್ಗೆ, ಅವಳು ಮಹಡಿಯ ಮೇಲೆ ಬಟ್ಟೆ ಹರವಿ ಇಳಿದು ಬರುವಾಗ ಉಂಡೆ ಅಳುತ್ತಿತ್ತು. ಮಗಳು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿ ಹಿಡಿದಿದ್ದಳು. ಕೂಸು ಬಾಯಿಯಿಂದ ಅದನ್ನು ತಳ್ಳುತ್ತಿತ್ತು, ಮಗಳು ಮತ್ತೆ ಇಡುತ್ತಿದ್ದಳು.

“ಕುಡೀತಾನೇ ಇಲ್ಲಮ್ಮಾ ಇವನು.”

ತಾಯಿಗೆ ಬಾಗಿಲಲ್ಲೇ ವಾಸನೆ ಬಡಿಯಿತು. ಬಾಟಲಿ ಕಸಿದುಕೊಂಡು ಮೂಸಿದಳು. ಹಾಲು ಹುಳಿತು ಹೋಗಿತ್ತು.

“ಕೆಟ್ಟಿದೆಯಲ್ಲೇ! ಮೂಸಿ ನೋಡಬಾರದಾ?”

“ನೋಡಿದೆ,” ಎಂದಳು ಮಗಳು. “ಹುಳಿ ಅನ್ನಿಸ್ತು. ಆದ್ರೆ ನಂಗೆ ಹುಳಿ ಗೊತ್ತಾಗಲ್ಲ, ಅಲ್ವಾ?”

ತಾಯಿ ಹಾಲನ್ನು ಮೋರಿಗೆ ಚೆಲ್ಲಿ ನಲ್ಲಿ ಬಿಟ್ಟಳು. ಬಿಳಿ ನೀರು ತಿಳಿಯಾಗುವವರೆಗೂ, ತಿಳಿಯಾದ ಮೇಲೂ, ನಲ್ಲಿ ಹಾಗೇ ಹರಿಯುತ್ತಿತ್ತು. ಹೇಳಿಬಿಡಬೇಕೆಂದು ತಿರುಗಿದಳು. ಮಗಳು ಆಗಲೇ ಬ್ಯಾಗು ಹೆಗಲಿಗೇರಿಸಿಕೊಂಡು ಶಾಲೆಗೆ ಹೊರಟಾಗಿತ್ತು.

ಅದೇ ವಾರ ಗಂಡ ಗೋಗರೆದ. “ಈ ಸಲ ನೀನೇ ಬರಬೇಕು ಕಣೇ. ಸಂಪಾದಕರ ಮುಖ ನೋಡೋಕಾಗ್ತಿಲ್ಲ. ‘ಚೆನ್ನಾಗಿತ್ತು’ ಅನ್ನೋದಕ್ಕೆ ನಿಮ್ಮನ್ನೇ ಯಾಕೆ ಕಳಿಸಬೇಕು ಅಂತಾರೆ. ಉಂಡೆ ಅತ್ತರೆ ಅಳಲಿ, ನಾನು ಎತ್ಕೋತೀನಿ. ನಿನ್ನ ಬಿಟ್ರೆ ನಂಗ್ಯಾರಿದ್ದಾರೆ ಹೇಳು.”

ಎಷ್ಟೋ ವಾರಗಳಿಂದ ಅವಳು ಕಾದಿದ್ದ ಮಾತು ಅದು. ಕಿವಿಗೆ ಬಿತ್ತು, ಹೊಟ್ಟೆಗಿಳಿಯಲಿಲ್ಲ.

“ಮೆಣಸೂ ಬರಲಿ,” ಎಂದಳು.

ಭಾನುವಾರ ಮಧ್ಯಾಹ್ನ ನಾಲ್ವರೂ ಹೋದರು. ಎತ್ತರದ ಕಿಟಕಿಗಳ, ಬಿಳಿ ಮೇಜುಬಟ್ಟೆಯ ದೊಡ್ಡ ಹೋಟೆಲು. ವಿಚಿತ್ರವೆಂದರೆ ಉಂಡೆ ಅಳಲಿಲ್ಲ. ತಲೆಯ ಮೇಲೆ ತಿರುಗುವ ಫ್ಯಾನನ್ನೇ ಬಾಯಿಬಿಟ್ಟುಕೊಂಡು ನೋಡುತ್ತಿತ್ತು. ಬಡಿಸುವವನು ಮೀನಿನ ಸೂಪು ತಂದಿಟ್ಟು, ಸಣ್ಣ ತಟ್ಟೆಯಲ್ಲಿ ನಿಂಬೆಹೋಳುಗಳನ್ನಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಗಂಡನ ಬಲಗೈ ಮೇಜಿನ ಕೆಳಗಿಳಿಯಿತು. ಪೆನ್ನಿನ ಮುಚ್ಚಳ ಬಿಚ್ಚಿದ ಟಕ್ಕೆಂಬ ಸಣ್ಣ ಸದ್ದು ಅವಳಿಗೆ ಕೇಳಿಸಿತು.

“ಹೂಂ,” ಎಂದ ಅವಳತ್ತ ತಿರುಗಿ. “ಯಾರ್ಯಾರು ಬಂದಿದ್ದಾರೆ?”

ಅವಳು ಒಂದು ಚಮಚ ಬಾಯಿಗಿಟ್ಟಳು. ಶಾಲೆ ಬಿಟ್ಟ ಮಕ್ಕಳ ಹಾಗೆ ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು. ಕೆಳಗೆ ಉಪ್ಪು, ಮೇಲೆ ಬೆಣ್ಣೆ, ನಡುವೆ ಸುಟ್ಟ ಬೆಳ್ಳುಳ್ಳಿ, ಇವೆಲ್ಲದರ ಹಿಂದೆ ನಿನ್ನೆಯ ಮೀನಿನ ವಾಸನೆ, ಆ ವಾಸನೆಯನ್ನು ಮುಚ್ಚಲೆಂದೇ ಸುರಿದ ಹುಳಿ. ಹೇಳಬೇಕಾದ ಮಾತೂ ನಾಲಗೆಯ ತುದಿಗೆ ಬಂದಿತ್ತು. ಎಷ್ಟು ಚಂದದ ಮಾತು! ಅದನ್ನು ಒಮ್ಮೆ ಒಳಗೊಳಗೇ ಹೇಳಿಕೊಂಡಳು. ಆಮೇಲೆ ಸೂಪಿನ ಜೊತೆಗೇ ನುಂಗಿ, ಬಟ್ಟಲನ್ನು ಮಗಳ ಮುಂದೆ ಸರಿಸಿದಳು.

“ನೀನು ಹೇಳು.”

“ನಂಗೊತ್ತಾಗಲ್ಲ.” ಮಗಳು ಮೇಜುಬಟ್ಟೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

“ಅವತ್ತು ಓರಗಿತ್ತಿ ಬಂದಿದ್ದಳು ಕಣೇ.”

ಮಗಳ ಬೆರಳು ನಿಂತಿತು.

“ಆ ಬುಧವಾರ, ನಮ್ಮನೇಗೆ. ನಾನೇ ಕರೆದಿದ್ದೆ. ಏಳು ಹೆಜ್ಜೆ ಇಟ್ಟು ಬಂದು ಬಾಗಿಲ ಹಿಂದೇನೇ ನಿಂತಿದ್ದಳು. ನೀನು ಹೇಳಿದ ಹಾಗೇ. ಬಂದಿಲ್ಲ ಅಂತ ನಾನು ಸುಳ್ಳು ಹೇಳಿದೆ.”

ಗಂಡ ಇಬ್ಬರನ್ನೂ ಮಿಕಿಮಿಕಿ ನೋಡಿದ. ಹಿಂದೆ ನಿಂತಿದ್ದ ಬಡಿಸುವವನು ಮರುಕದಿಂದ ಮುಂದೆ ಬಾಗಿದ. “ಮನೇಲಿ ನೆಂಟರಾ ಮೇಡಂ? ಹೀಗೇ ಅಲ್ವಾ, ಬಂದ್ರೂ ಕಷ್ಟ, ಬರದಿದ್ರೂ ಕಷ್ಟ. ಬ್ರೆಡ್ಡು ಇನ್ನೆರಡು ತರಲಾ?”

“ತನ್ನಿ,” ಎಂದಳು ಅವಳು.

ಅವನು ಹೋದ ಮೇಲೆ ಮಗಳು ಕೇಳಿದಳು: “ಯಾಕಮ್ಮಾ?”

ತಾಯಿ ಕೂಸಿನ ಬಾಯಿ ಒರೆಸಿದಳು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. “ಅಪ್ಪ ನಿನ್ನನ್ನು ಕೇಳಿದರು,” ಎಂದಳು. “ನನ್ನ ಕೇಳಲಿಲ್ಲ.”

ಮಗಳು ಬೆರಳಿಗೆ ಸುತ್ತಿದ್ದ ಮೇಜುಬಟ್ಟೆಯನ್ನು ಬಿಡಿಸಿದಳು. ಆಮೇಲೆ ಚಮಚ ಎತ್ತಿಕೊಂಡು, ಸೂಪನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡಳು. ಇನ್ನೊಂದು ಚಮಚ. ಮುಖದ ಮೇಲೆ ಏನೋ ಸರಿದುಹೋಯಿತು. ಕುರ್ಚಿಯಿಂದ ಅರ್ಧ ಎದ್ದು, ಕೈ ಅಡ್ಡ ಹಿಡಿದು, ಅಪ್ಪನ ಕಿವಿಯಲ್ಲಿ ಪಿಸುಗುಟ್ಟಿದಳು.

ಗಂಡ ಪಕ್ಕನೆ ನಕ್ಕ. ಮೇಜುಬಟ್ಟೆಯ ಕೆಳಗೆ ಪೆನ್ನು ಓಡತೊಡಗಿತು.

ಏನು ಹೇಳಿದಳೆಂದು ತಾಯಿಗೆ ಕೇಳಿಸಲಿಲ್ಲ. ಕೇಳಲೂ ಇಲ್ಲ, ಪತ್ರಿಕೆಯಲ್ಲೇ ಓದಿದರಾಯಿತು; ಅದು ಬರಲು ಇನ್ನೊಂದು ವಾರವಿತ್ತು. ಅವಳ ತೊಡೆಯ ಮೇಲಿದ್ದ ಉಂಡೆ ಅಷ್ಟರಲ್ಲಿ ಮುಂದೆ ಬಾಗಿ ತಟ್ಟೆಯಿಂದ ಒಂದು ನಿಂಬೆಹೋಳನ್ನು ಸೆಳೆದುಕೊಂಡಿತ್ತು. ಅದನ್ನು ಬಾಯಿಗಿಟ್ಟು ಚೀಪಿತು. ಇಡೀ ಮುಖ ಕಿವುಚಿಕೊಂಡಿತು, ಮೈ ಜುಮ್ಮೆಂದು ನಡುಗಿತು. ಹೋಳನ್ನು ದೂರ ಹಿಡಿದು ಒಂದು ಗಳಿಗೆ ಅದನ್ನೇ ನೋಡಿತು. ಮತ್ತೆ ಬಾಯಿಗಿಟ್ಟುಕೊಂಡಿತು.