ಏಳು ಜನರ ಪಂದ್ಯ

ಕ್ಲಬ್ಬಿನ ನಲವತ್ತು ವರ್ಷದ ಚರಿತ್ರೆಯನ್ನು ಟೈಪ್ ಮಾಡುವ ಕೆಲಸ ನಮ್ಮ ಡಿಟಿಪಿ ಅಂಗಡಿಗೆ ಬಂದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಎಂಟನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಅಲ್ಲಿಯವರೆಗೆ ಮದುವೆ ಪತ್ರಿಕೆ, ಬಾಡಿಗೆ ಕರಾರು, ಕಳೆದುಹೋದ ನಾಯಿಯ ಪ್ರಕಟಣೆ, ಇಷ್ಟೇ ಟೈಪ್ ಮಾಡಿದ್ದೆ. ಇದು ಪುಸ್ತಕ. ಇದರಲ್ಲಿ ಅಪ್ಪನ ಹೆಸರು ಬಂದೇ ಬರುತ್ತದೆ ಎಂದುಕೊಂಡಿದ್ದೆ.

ಅಪ್ಪ ಆ ಫುಟ್‌ಬಾಲ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುತ್ತಾರೆ. ಹುಲ್ಲು ಕತ್ತರಿಸುವುದು, ಹರಿದ ಬಲೆ ಹೊಲಿಯುವುದು, ಪಂದ್ಯದ ದಿನ ಸುಣ್ಣದಲ್ಲಿ ಗೆರೆ ಎಳೆಯುವುದು ಅವರ ಕೆಲಸ. ಆಟಗಾರರಿಗೆಲ್ಲ ಅವರು ಗೆರೆಯಣ್ಣ. ಒಂದು ದಿನ ಆ ಗೆರೆಗಳ ಒಳಗೆ ನಿಂತು ಅವರೂ ಆಡಿದ್ದರು ಎನ್ನುವುದು ಈಗಿನವರಿಗೆ ಗೊತ್ತಿಲ್ಲ. ನನಗೆ ಗೊತ್ತಾದದ್ದು ಅಮ್ಮನಿಂದ. ಅಪ್ಪನ ಎಡಗೈಯ ಕಿರುಬೆರಳು ಸೊಟ್ಟಗಿದೆ. ಅದು ಕಣ್ಣಿಗೆ ಬಿದ್ದಾಗಲೆಲ್ಲ ಅಮ್ಮ, "ಹತ್ತೊಂಬತ್ತು ಗೋಲು ಬಿಟ್ಟುಕೊಟ್ಟು ಬಂದ ಶೂರರು" ಎಂದು ರೇಗಿಸುತ್ತಾಳೆ.

ಕ್ಲಬ್ಬಿನ ಸೆಕ್ರೆಟರಿ ದಿನಾ ಹನ್ನೊಂದಕ್ಕೆ ಬಂದು, ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಹೇಳಿ ಬರೆಸುತ್ತಿದ್ದರು. ಹೇಳುವಾಗ ಅವರ ಮೊಣಕಾಲು ಅಲುಗುತ್ತಿತ್ತು, ಜೊತೆಗೆ ನನ್ನ ಮೇಜೂ. ನೂಲಿನ ಗಿರಣಿಯ ಕಾರ್ಮಿಕರು ಒಂದೇ ಚೆಂಡಿನಲ್ಲಿ ಕ್ಲಬ್ ಕಟ್ಟಿದ್ದು, ಬೆಳಗ್ಗೆ ಗಿರಣಿಯಲ್ಲಿ ಕೆಲಸ, ಸಂಜೆ ಆಟ ಎಂದು ಆಟಗಾರರನ್ನು ಹೊರಗಿನಿಂದ ಕರೆತಂದದ್ದು, ಎರಡನೇ ಡಿವಿಷನ್‌ಗೆ ಏರಿದ್ದು, ಎಲ್ಲ ವಿವರವಾಗಿ ಬಂತು. ಹದಿನಾರನೇ ವರ್ಷ ಗಿರಣಿ ಮುಚ್ಚಿತು. ಆಟಗಾರರು ದಿಕ್ಕಿಗೊಬ್ಬರಾದರು.

"ಹದಿನೇಳನೇ ವರ್ಷ, ಬರಿ. 'ತಂಡವು ಸಾಧಾರಣ ಪ್ರದರ್ಶನ ನೀಡಿತು.' ಫುಲ್‌ಸ್ಟಾಪ್. ಹದಿನೆಂಟನೇ ವರ್ಷ."

ನನ್ನ ಕೈ ನಿಂತಿತು. ಆ ವರ್ಷ ಎರಡು ಪಂದ್ಯಗಳಿಗೆ ತಂಡ ಹೋಗಿರಲಿಲ್ಲ. ನಮ್ಮ ಮೈದಾನದಲ್ಲೇ ಇದ್ದ ಮೂರನೆಯದಕ್ಕೂ ಇಳಿಯದಿದ್ದರೆ ಲೀಗಿನಿಂದ ಕ್ಲಬ್ಬಿನ ಹೆಸರನ್ನೇ ಹೊಡೆದುಹಾಕುತ್ತಿದ್ದರು. ಕನಿಷ್ಠ ಏಳು ಜನ ಇದ್ದರೆ ಮಾತ್ರ ಪಂದ್ಯ. ಬಂದವರು ಆರು. ಏಳನೆಯವರಾಗಿ, ಗೆರೆ ಎಳೆಯಲು ಬಂದಿದ್ದ ಅಪ್ಪ ಕೈ ತೊಳೆದುಕೊಂಡು ಗೋಲ್‌ಕೀಪರ್ ಗವಸು ಹಾಕಿಕೊಂಡರು. ಬೆರಳು ಮುರಿದ ಮೇಲೂ ಹೊರಗೆ ಬರಲಿಲ್ಲ. ಬಂದಿದ್ದರೆ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು, ಕ್ಲಬ್ಬೂ ಮುಗಿಯುತ್ತಿತ್ತು. ಹದಿನೆಂಟನೇ ವರ್ಷ ಅಂತ ಒಂದು ಇದ್ದದ್ದೇ ಆ ಏಳು ಜನರಿಂದ.

ಇದನ್ನು ಸೆಕ್ರೆಟರಿಗೆ ಹೇಳಲು ನನಗೆ ಎರಡು ದಿನ ಬೇಕಾಯಿತು.

"ಸರ್, ಹದಿನೇಳನೇ ವರ್ಷ ಏಳು ಜನರ ಪಂದ್ಯ ಒಂದಿತ್ತಲ್ಲ."

ಮೇಜಿನ ಅಲುಗಾಟ ನಿಂತಿತು. "ಯಾರಮ್ಮ ಹೇಳಿದ್ದು? ನಿಮ್ಮಪ್ಪನಾ?"

"ಅಮ್ಮ."

"ಹತ್ತೊಂಬತ್ತು–ಸೊನ್ನೆ! ಅದನ್ನ ಅಚ್ಚು ಹಾಕ್ಸಿ ಬಿಡುಗಡೆ ದಿನ ಮುಖ್ಯ ಅತಿಥಿ ಕೈಗೆ ಕೊಡ್ಲಾ? ಮದುವೆ ಆಲ್ಬಮ್‌ನಲ್ಲಿ ಯಾರಾದ್ರೂ ಬೀಗರ ಜಗಳದ ಫೋಟೋ ಅಂಟಿಸ್ತಾರಾ?"

ಅಂಗಡಿಯ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಾಗಲ್ಲ ಸರ್" ಎಂದೆ. ಅವರಾಗಲೇ ಮುಂದಿನ ಪ್ಯಾರಾ ಹೇಳತೊಡಗಿದ್ದರು.

ಸಂಜೆ ಅಪ್ಪ ಹೊಸ್ತಿಲ ಮೇಲೆ ಕೂತು ಬಲೆ ಹೊಲಿಯುತ್ತಿದ್ದರು. "ನೀವಾದ್ರೂ ಒಂದು ಮಾತು ಹೇಳಿ ಅಪ್ಪ" ಎಂದೆ.

"ಏನಂತ? ಹತ್ತೊಂಬತ್ತು ಸಲ ಬಗ್ಗಿ ಚೆಂಡು ಎತ್ಕೊಂಡೆ, ಹಾರ ಹಾಕಿ ಅಂತಾನಾ?"

"ಇಪ್ಪತ್ತನೇದು ತಡೆದ್ರಲ್ಲ, ಅದಕ್ಕೆ ಹಾಕ್ಲಿ ಬಿಡಿ" ಎಂದಳು ಅಮ್ಮ ಒಳಗಿನಿಂದ.

ಅಪ್ಪ ಹಲ್ಲಿನಲ್ಲಿ ದಾರ ಕಡಿದು ಬಲೆಯ ಮುಂದಿನ ತೂತಿಗೆ ಕೈ ಹಾಕಿದರು. ನನಗೆ ಸೆಕ್ರೆಟರಿಗಿಂತ ಅಪ್ಪನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಶುಕ್ರವಾರ, ಫೋಟೋ ಸ್ಕ್ಯಾನ್ ಮಾಡಲೆಂದು ಸೆಕ್ರೆಟರಿ ಕೊಟ್ಟು ಹೋಗಿದ್ದ ಹಳೆಯ ಫೈಲಿನಲ್ಲಿ ಒಂದು ಹಳದಿ ಕಾಗದ ಸಿಕ್ಕಿತು. ಆ ಪಂದ್ಯದ ರೆಫರಿ ಬರೆದ ವರದಿ. ನಮ್ಮ ಕಡೆ ಏಳು ಹೆಸರು, ಕೊನೆಯದು ಅಪ್ಪನದು. ಎದುರು ಕಡೆ ಗೋಲು ಹೊಡೆದವರ ಪಟ್ಟಿ. ಅದರಲ್ಲಿ ಒಂದು ಹೆಸರಿನ ಮುಂದೆ ಒಂಬತ್ತು ಗೀಟುಗಳಿದ್ದವು. ಆ ಹೆಸರು ನಮ್ಮ ಸೆಕ್ರೆಟರಿಯದೇ. ಅವರು ಮೊದಲು ಬೇರೆ ತಂಡದಲ್ಲಿದ್ದವರು ಎನ್ನುವುದು ಊರಿಗೆಲ್ಲ ಗೊತ್ತು. ಈ ಒಂಬತ್ತು ಮಾತ್ರ ಯಾರ ಬಾಯಲ್ಲೂ ಕೇಳಿರಲಿಲ್ಲ. ಓಹೋ, ಅದಕ್ಕೇ ಆ ವರ್ಷವನ್ನು ಒಂದು ವಾಕ್ಯದಲ್ಲಿ ದಾಟಿಸಿದ್ದಾರೆ ಎಂದುಕೊಂಡೆ. ಹದಿನೇಳನೇ ವರ್ಷವಿದ್ದ ಇಪ್ಪತ್ತಮೂರನೇ ಪುಟದ ಕೆಳಗೆ ಆರು ಸಾಲು ಜಾಗ ಇತ್ತು. ಯಾರನ್ನೂ ಕೇಳದೆ ಪಂದ್ಯದ ವಿಷಯವನ್ನು ಏಳೂ ಹೆಸರಿನ ಸಮೇತ ಅಲ್ಲಿ ಕೂರಿಸಿದೆ.

ಶನಿವಾರ ನಾಲ್ಕಕ್ಕೆ ಪುಟಗಳು ಪ್ರೆಸ್‌ಗೆ ಹೋಗಬೇಕು. ಮೂರು ಗಂಟೆಗೆ ಸೆಕ್ರೆಟರಿ ಕೊನೆಯ ಸಲ ನೋಡಲು ಬಂದರು. ಫೋಟೋ ತೆಗೆಸಲೆಂದು ಕ್ಲಬ್ ಗೆದ್ದಿದ್ದ ಹಳೆಯ ಕಪ್ಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅಪ್ಪನೂ ಜೊತೆಗೆ ಬಂದಿದ್ದರು.

"ಇದನ್ನ ಹಾಕಿದ್ದು ಯಾರು? ತೆಗಿ, ತೆಗಿ."

ಅಪ್ಪನ ಕಡೆ ನೋಡಿದೆ. ಅವರು ಕಪ್ಪಿನ ಹಿಡಿಯನ್ನು ಒರೆಸುತ್ತಿದ್ದರು. ಕೀಬೋರ್ಡಿನ ಕೆಳಗಿನಿಂದ ರೆಫರಿಯ ಹಳದಿ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ನನ್ನ ದನಿ ನಾನೆಣಿಸಿದ್ದಕ್ಕಿಂತ ಜೋರಾಗಿ ಬಂತು.

"ಅವತ್ತು ಒಂಬತ್ತು ಗೋಲು ಹೊಡೆದಿದ್ದು ನೀವೇ ಸರ್. ಅದಕ್ಕೇ ತೆಗೆಸ್ತಿದ್ದೀರಾ?"

ಸೆಕ್ರೆಟರಿ ತಲೆ ತಗ್ಗಿಸುತ್ತಾರೆ ಎಂದು ಕಾದೆ. ಅವರು ಕನ್ನಡಕ ಹಾಕಿಕೊಂಡು, ಗೀಟುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದರು.

"ಒಂಬತ್ತಾ! ನಾನು ಇಷ್ಟು ವರ್ಷ ಎಂಟು ಅಂದ್ಕೊಂಡಿದ್ನಲ್ಲಮ್ಮ!" ಅವರ ಮುಖ ಅರಳಿತು. ಸ್ಟೂಲ್ ಎಳೆದುಕೊಂಡರು. "ಅದನ್ನ ಅಳಿಸು. ಹೊಸದಾಗಿ ಬರಿ. 'ಮುಂದೆ ಇದೇ ಕ್ಲಬ್ಬಿನ ಕಾರ್ಯದರ್ಶಿಯಾಗಲಿದ್ದ ಯುವ ಆಟಗಾರರೊಬ್ಬರು ಈ ವರ್ಷ ಒಂದೇ ಪಂದ್ಯದಲ್ಲಿ ಒಂಬತ್ತು ಗೋಲು ಬಾರಿಸಿ...'"

"ನಮ್ಮ ಕ್ಲಬ್ಬಿಗೇ ಅಲ್ವಾ ಸರ್ ಬಾರಿಸಿದ್ದು?"

"ಆಟ ಮುಖ್ಯ ಕಣಮ್ಮ, ಯಾರಿಗೆ ಹೊಡೆದ್ರು ಅನ್ನೋದಲ್ಲ."

ಆರು ಸಾಲೂ ತುಂಬಿತು. "ಏಳು ಜನರ ಹೆಸರು?" ಎಂದು ಕೇಳಿದೆ.

"ಜಾಗ ಎಲ್ಲಿದೆ? ಮತ್ತೆ, ಏಳೇ ಜನ ಇದ್ರು ಅಂತ ಬರೆದ್ರೆ ನನ್ನ ಒಂಬತ್ತಕ್ಕೆ ಏನು ಬೆಲೆ?"

ಆಗ ಅಪ್ಪ ಬಾಯಿ ಬಿಟ್ಟರು. "ಎರಡು ಆಫ್‌ಸೈಡ್."

"ಏನಂದ್ರಿ ಗೆರೆಯಣ್ಣ?"

"ನಾಲ್ಕನೇದು, ಏಳನೇದು. ಎರಡೂ ಆಫ್‌ಸೈಡ್ ಸರ್."

"ರೀ, ನನ್ನ ಮುಂದೆ ಒಬ್ಬ ಡಿಫೆಂಡರೂ ಇರ್ಲಿಲ್ಲ!"

"ಅದಕ್ಕೇ ಆಫ್‌ಸೈಡ್!"

ಅಪ್ಪ ಕಪ್ಪನ್ನು ಕೆಳಗಿಟ್ಟು, ನನ್ನ ಮೇಜಿನ ಮೇಲೆ ಸ್ಟೇಪ್ಲರನ್ನು ಗೋಲಿನಲ್ಲಿ ನಿಲ್ಲಿಸಿದರು. ಸೆಕ್ರೆಟರಿ ಅಂಟಿನ ಬಾಟಲಿಯಾದರು. ಚೆಂಡು ಎಲ್ಲಿಂದ ಬಂತು, ರೆಫರಿ ಎತ್ತ ನೋಡುತ್ತಿದ್ದ ಎಂದು ಇಬ್ಬರೂ ಏರುದನಿಯಲ್ಲಿ ಶುರುಮಾಡಿದರು. ಇಷ್ಟು ವರ್ಷ ಮನೆಯಲ್ಲಿ ನಾವು ಕೇಳಿದರೂ ತುಟಿ ಬಿಚ್ಚದ ಅಪ್ಪ!

ನಾನು ಪುಟದ ಅಕ್ಷರವನ್ನು ಒಂದು ಸೈಜ್ ಚಿಕ್ಕದು ಮಾಡಿದೆ. ಒಂದು ಸಾಲು ಉಳಿಯಿತು. ಏಳು ಹೆಸರು ಹಿಡಿಸಲಿಲ್ಲ. ಇನ್ನೂ ಚಿಕ್ಕದು ಮಾಡಿದರೆ ಓದಲಾಗುವುದಿಲ್ಲ ಎಂದು ಯಜಮಾನರು ಬೈಯುತ್ತಾರೆ. ಅಪ್ಪನದೊಂದೇ ಹೆಸರಾದರೆ ಆರಾಮಾಗಿ ಹಿಡಿಸುತ್ತಿತ್ತು.

"ಅಪ್ಪ, ನಿಮ್ಮದೊಂದು ಹಾಕ್ಲಾ?"

ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದೆ. ಮೂರನೇ ಸಲ ತೋಳು ಹಿಡಿದು ಅಲ್ಲಾಡಿಸಿದೆ.

"ಏಳು ಜನ ಆಡಿದ್ದು. ಏಳೂ ಹಾಕೋಕಾಗದಿದ್ರೆ ಬಿಡು" ಎಂದು, ನನ್ನ ಕಡೆ ತಿರುಗದೆಯೇ ಸ್ಟೇಪ್ಲರನ್ನು ಎರಡು ಬೆರಳು ಹಿಂದಕ್ಕೆ ಸರಿಸಿದರು. "ನೋಡಿ ಸರ್, ನಾನು ಇಲ್ಲಿದ್ದೆ."

ಯಜಮಾನರು ಗಡಿಯಾರ ನೋಡಿ ಎದ್ದು ಬಂದರು. "ಕಳಿಸಮ್ಮ, ನಾಲ್ಕಾಯ್ತು. ಇದೇನು, ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದೀಯ? ಬೋಳು ಕಾಣುತ್ತೆ. ಒಂದು ಹೂವಿನ ಡಿಸೈನ್ ಹಾಕು."

ಹಾಕಿದೆ.