ಗಂಟೆ ಕೇಳಿಸುವಷ್ಟು ದೂರ

ಬೇಲಿಯ ಕಂಬಿಗಳ ನಡುವೆ ಡಬ್ಬಿ ತೂರಲಿಲ್ಲ. ದಿನವೂ ತರುವ ಉದ್ದನೆಯ ಸ್ಟೀಲ್ ಡಬ್ಬಿ ಸಿಂಕಿನಲ್ಲಿ ಬಿದ್ದಿತ್ತು. ಅವಸರದಲ್ಲಿ ಅಗಲದ್ದನ್ನು ಹಿಡಿದು ಓಡಿಬಂದಿದ್ದಳು ವಸುಂಧರಾ. ಅಡ್ಡಕ್ಕೆ ತಿರುಗಿಸಿದಳು. ಮುಚ್ಚಳದ ಅಂಚಿನಿಂದ ಸಾರು ಸೋರಿ ಬೆರಳಿಗೆ ಇಳಿಯಿತು. ಸುಟ್ಟಿತು. ಬಿಸಿ ಇದೆಯಲ್ಲ ಎಂದು ಆ ಉರಿಯಲ್ಲೂ ಸಮಾಧಾನವಾಯಿತು.

ಬೇಲಿಯ ಆಚೆ ನಿಂತಿದ್ದ ಪ್ರೇರಣಾ ಅಮ್ಮನ ಕಡೆ ನೋಡದೆ ಆಟದಂಗಳದ ಕಡೆ ನೋಡುತ್ತಿದ್ದಳು.

"ಮಾಮ್, ಲೀವ್ ಇಟ್. ಇವತ್ತು ಪಾಸ್ತಾ ಕೊಟ್ರು."

"ಅದೇನು ಊಟಾನಾ? ತಡಿ, ಮೇಲಿಂದ ಕೊಡ್ತೀನಿ. ಹಿಡ್ಕೋ, ಬಗ್ಗಿಸ್ಬೇಡ."

"ಪ್ಲೀಸ್, ಜಸ್ಟ್ ಗೋ."

ಒಂಬತ್ತು ವರ್ಷದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ, ಅದೂ ಈ ಊರಿನ ರಾಗದಲ್ಲಿ. ಡಬ್ಬಿ ಬೇಲಿ ದಾಟಿತು. ಪ್ರೇರಣಾ ಅದನ್ನು ಕೋಟಿನ ಒಳಗೆ ತೂರಿಸಿ ಗೋಡೆಯ ಮೂಲೆಗೆ ಹೋದಳು. ಬೆನ್ನು ಮಾತ್ರ ಕಾಣುತ್ತಿತ್ತು. ಮೊಣಕೈ ಬೇಗಬೇಗ ಅಲ್ಲಾಡುತ್ತಿತ್ತು. ತಿನ್ನುತ್ತಿದ್ದಾಳೆ ಎಂದುಕೊಂಡಳು ವಸುಂಧರಾ.

ಅಂಗಳ ಕಾಯುವ ಟೀಚರ್ ದೂರದಿಂದ "ಗ್ರ್ಯಾಂಡ್!" ಎಂದು ನಕ್ಕರು, ಎಲ್ಲ ಸರಿಯಿದೆ ಎನ್ನುವ ಇಲ್ಲಿನ ರೂಢಿಯಂತೆ. ಯಾಕೆ ಎಂದರೋ ತಿಳಿಯಲಿಲ್ಲ. ಹಿಂದೊಮ್ಮೆ ಮುಖ್ಯೋಪಾಧ್ಯಾಯರೂ ಹೀಗೆಯೇ ನಕ್ಕಿದ್ದರು. ಬೇಲಿಯ ಮೇಲಿಂದ ಊಟ ಕೊಡಬಾರದೆಂಬ ನಿಯಮವೇನೂ ಇಲ್ಲ, ಹಾಗೆ ಯಾರೂ ಹೇಳುವುದೂ ಇಲ್ಲ, ಆದರೆ ಎಂದು ಶುರುಮಾಡಿ ಹವಾಮಾನದ ಮಾತಿಗೆ ಹೊರಳಿಕೊಂಡಿದ್ದರು. ಆ 'ಆದರೆ' ವಸುಂಧರಾಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾಗದವಳಂತೆ ಮರುದಿನವೂ ಬಂದಿದ್ದಳು.

ತುಮಕೂರಿನಲ್ಲಿ ಅವಳ ಶಾಲೆಯ ಗೇಟಿಗೆ ಹನ್ನೆರಡೂವರೆಗೆಲ್ಲ ತಾಯಂದಿರು ಬಂದು ನಿಲ್ಲುತ್ತಿದ್ದರು. ಬಿಸಿ ಅನ್ನಕ್ಕೆ ಹಾಕಿದ ತುಪ್ಪ ಇನ್ನೂ ಕರಗುತ್ತಿರಬೇಕು, ಅದು ಲೆಕ್ಕ. ಈ ಐರಿಷ್ ಊರು ಲೂಕನ್‌ನಲ್ಲಿ ಮನೆ ಕೊಳ್ಳುವಾಗ ಶಾಲೆಯ ಹಿಂಗೋಡೆಗೆ ಅಂಟಿದಂತಿರುವ ಈ ಮನೆಯೇ ಆಗಬೇಕೆಂದು ಹಟ ಹಿಡಿದದ್ದು ಅದಕ್ಕೇ. ಅಡುಗೆಮನೆಯಲ್ಲಿ ನಿಂತರೆ ಗಂಟೆ ಕೇಳಿಸುತ್ತದೆ. ಗಂಟೆ ಹೊಡೆದಾಗ ಒಗ್ಗರಣೆ. ಅದರ ಸುತ್ತ ದಿನ ಕಟ್ಟಿಕೊಂಡಿತ್ತು. ಅದನ್ನು ತೆಗೆದರೆ ದಿನದಲ್ಲಿ ಏನು ಉಳಿಯುತ್ತದೆ ಎಂದು ಅವಳು ಯೋಚಿಸಿರಲಿಲ್ಲ. ಯೋಚಿಸುವ ಸಂದರ್ಭ ಈಗ ಬಂದಿತ್ತು.

ಗೇಟಿನ ಬಳಿ ಗ್ರಾನ್ಯ ಕಾಯುತ್ತಿದ್ದಳು. ಪೋಷಕರ ಸಂಘದವಳು, ಸದಾ ಓಟದ ಬೂಟಿನಲ್ಲೇ ಇರುವ ಐರಿಷ್ ಹೆಂಗಸು.

"ಸಂಜೆ ಸಭೆಗೆ ಬರುತ್ತೀಯಲ್ಲ? ನೀನು ಮಾತಾಡಬೇಕು."

"ನಾನಾ? ನೀವೆಲ್ಲ ಇದ್ದೀರಲ್ಲ."

"ನಾವು ಹೇಳಿದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. ನೀನು ಹೇಳಿದರೆ..." ಗ್ರಾನ್ಯ ಸರಿಯಾದ ಪದಕ್ಕೆ ಹುಡುಕಿದಳು. "ನೀನು ಹೇಳಿದರೆ ಚೆನ್ನಾಗಿರುತ್ತದೆ."

ವಿಷಯ ಇಷ್ಟೇ. ಒಂದೇ ಆಡಳಿತದ ಎರಡು ಶಾಲೆಗಳು. ಹತ್ತಿರದ್ದು ತುಂಬಿ ತುಳುಕಿ ಅರ್ಧ ಅಂಗಳವನ್ನು ತಗಡಿನ ತಾತ್ಕಾಲಿಕ ಕೋಣೆಗಳು ನುಂಗಿದ್ದವು. ಕಾಲುವೆಯ ಆಚೆಯದು ಅರ್ಧ ಖಾಲಿ. ಇಲ್ಲಿ ಮುಕ್ಕಾಲು ಪಾಲು ಹೊರಗಿನಿಂದ ಬಂದವರ ಮಕ್ಕಳು, ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಲ್ಲಿನವರೇ. ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಎಂಬ ಗೆರೆಯನ್ನು ಹೊಸದಾಗಿ ಎಳೆದು, ಇವರನ್ನು ಬಸ್ಸಿನಲ್ಲಿ ಅತ್ತ, ಅವರನ್ನು ಬಸ್ಸಿನಲ್ಲಿ ಇತ್ತ ಕಳಿಸಿದರೆ ಎರಡೂ ಸರಿಹೋಗುತ್ತವೆ, ಜಾಗವೂ ಮಕ್ಕಳ ಬೆರೆಯುವಿಕೆಯೂ, ಎಂಬುದು ಆಡಳಿತದ ಲೆಕ್ಕ. ಹೊಸ ಗೆರೆ ವಸುಂಧರಾಳ ಹಿತ್ತಲ ಗೋಡೆಯ ಮೇಲೇ ಹಾದುಹೋಗಿತ್ತು. ಶಾಲೆ ಗೋಡೆಯ ಆಚೆ, ಮಗಳು ಹೋಗಬೇಕಾದ್ದು ಕಾಲುವೆಯ ಆಚೆ.

ಮನೆಯ ಮೇಲಿನ ಚಿಕ್ಕ ಕೋಣೆಯಲ್ಲಿ ಗಂಡ ಚಂದ್ರಕಾಂತ ಹೆಡ್‌ಸೆಟ್ ಹಾಕಿಕೊಂಡು ಕೂತಿದ್ದ. ಅವಳು ಬಾಗಿಲಲ್ಲಿ ನಿಂತದ್ದನ್ನು ಕಂಡು ಒಂದು ಕಿವಿ ಮಾತ್ರ ಬಿಡಿಸಿಕೊಂಡ.

"ಸಂಜೆ ನಾನು ಮಾತಾಡ್ಬೇಕಂತೆ."

"ಯಾಕೆ?"

"ಹತ್ತಿರದ ಸ್ಕೂಲು ಬಿಟ್ಟು ಬಸ್ಸಲ್ಲಿ ಕಳಿಸೋದು ತಪ್ಪು ಅಂತ."

"ತಪ್ಪೇನಿದೆ? ಆಚೆ ಹೋದ್ರೆ ಅವಳಿಗೇ ಒಳ್ಳೇದು. ಅಲ್ಲಿ ಈ ಊರಿನೋರ ಮಕ್ಕಳಿದಾರೆ."

"ಇಲ್ಲಿ?"

"ಇಲ್ಲಿ ನಾವೇ ಇದೀವಲ್ಲ." ಅದು ತಮಾಷೆಯೋ ಅಲ್ಲವೋ ಅವನಿಗೂ ಖಚಿತವಿದ್ದಂತೆ ತೋರಲಿಲ್ಲ. "ನಿಂಗೆ ಅನ್ನದ ಡಬ್ಬಿ ಚಿಂತೆ. ಫ್ಲಾಸ್ಕಿಗೆ ಹಾಕಿಕೊಟ್ರೆ ಆಯ್ತಪ್ಪ."

"ಫ್ಲಾಸ್ಕಲ್ಲಿ ಅನ್ನ ಮುದ್ದೆಯಾಗತ್ತೆ."

"ಹ್ಞೂಂ," ಎಂದು ಕಿವಿ ಮುಚ್ಚಿಕೊಂಡು ಇನ್ಯಾರಿಗೋ "ಸಾರಿ, ಗೋ ಅಹೆಡ್" ಎಂದ.

ಒಂದು ಕಾಲಕ್ಕೆ ಅವಳು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಟ್ಟವಳು. ಊರು, ಕೇರಿ, ನಡುವಿನ ಅಂತರ, ಬೆರೆಯದಿರುವ ಸಮಾಜ: ಇಡೀ ಒಂದು ಅಧ್ಯಾಯವನ್ನು ನೋಟ್ಸ್ ಇಲ್ಲದೆ ಪಾಠ ಮಾಡುತ್ತಿದ್ದಳು. ಮಧ್ಯಾಹ್ನವೆಲ್ಲ ಅಡುಗೆಮನೆಯ ಮೇಜಿನ ಮುಂದೆ ಕೂತು ವಾದ ಹೊಂದಿಸಿದಳು. ಹತ್ತಿರದ ಶಾಲೆ ಎಂದರೆ ನೆರೆಹೊರೆ. ನೆರೆಹೊರೆ ಎಂದರೆ ಸಮುದಾಯ. ವೈವಿಧ್ಯವನ್ನು ಮಕ್ಕಳ ಬೆನ್ನ ಮೇಲೆ ಹೊರಿಸಬಾರದು. ಎಲ್ಲವೂ ಸರಿಯಾಗಿತ್ತು. ಓದಿಕೊಂಡರೆ ಬೇರೆ ಯಾರೋ ಬರೆದಂತಿತ್ತು.

ಪ್ರೇರಣಾ ಬಂದು ಬ್ಯಾಗ್ ಎಸೆದಳು. ಡಬ್ಬಿ ಖಾಲಿ ಇತ್ತು. ತೀರಾ ಸ್ವಚ್ಛವಾಗಿ, ತೊಳೆದ ಹಾಗೆ.

"ಪೂರ್ತಿ ತಿಂದ್ಯಾ ಚಿನ್ನಾ?"

"ಯಾ."

"ನಿಂಗೆ ಯಾವ ಸ್ಕೂಲ್ ಬೇಕು ಹೇಳು."

"ಡೋಂಟ್ ಮೈಂಡ್."

"ಹಂಗಂದ್ರೆ?"

"ಡೋಂಟ್ ಮೈಂಡ್ ಅಂದ್ರೆ ಡೋಂಟ್ ಮೈಂಡ್, ಮಾಮ್." ಮೆಟ್ಟಿಲು ಹತ್ತುವ ಸದ್ದು. ಬಾಗಿಲು ಮುಚ್ಚಿದ ಸದ್ದು ಕೇಳಿಸಲಿಲ್ಲ. ಅಷ್ಟು ಎಚ್ಚರಿಕೆಯಿಂದ ಮುಚ್ಚಿದ್ದಳು.

ಏಳು ಗಂಟೆಗೂ ಮಧ್ಯಾಹ್ನದಂಥ ಬೆಳಕಿತ್ತು. ಮೇ ತಿಂಗಳಿನಲ್ಲಿ ಇಲ್ಲಿ ಸಂಜೆ ಎನ್ನುವುದು ಬರಿಯ ಮಾತು. ಶಾಲೆಯ ಸಭಾಂಗಣದಲ್ಲಿ ಮಕ್ಕಳ ಕುರ್ಚಿಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತಿದ್ದರು. ಕರೆತಂದ ಮಕ್ಕಳಿಗೆ ಹಿಂಬದಿಯಲ್ಲಿ ಚಾಪೆ. ಪ್ರೇರಣಾ ಅಲ್ಲಿ ಹೋಗಿ ಕೂತಳು. ಗೋಡೆಯ ಮೇಲೆ ನಕ್ಷೆ, ನಕ್ಷೆಯಲ್ಲಿ ದಪ್ಪ ನೀಲಿ ಗೆರೆ.

ಪಕ್ಕದಲ್ಲಿ ಸಿಂಧು ಬಂದು ಕೂತಳು. ಮೈಸೂರಿನವಳು, ಎರಡು ಬೀದಿ ಆಚೆ ಮನೆ. ಕನ್ನಡದವರ ಗುಂಪಿನಲ್ಲಿ ಗೆರೆಯ ವಿರುದ್ಧ ಮೊದಲು ದನಿಯೆತ್ತಿದವಳು.

"ವಸು ಅಕ್ಕ, ಬಿಡ್ಬೇಡಿ ಇವತ್ತು. ಜಾಡಿಸಿ."

"ನೀನೂ ಮಾತಾಡು, ಸಿಂಧು."

"ಅಯ್ಯೋ, ನಾನು ಹೆಂಗಕ್ಕ ಮಾತಾಡ್ಲಿ? ನಮ್ಮ ತೇಜೂಗೆ ನಾನು ಆಗ್ಲೇ ಆಚೆ ಸ್ಕೂಲಲ್ಲಿ ಸೀಟು ಕೇಳ್ಬಿಟ್ಟಿದೀನಿ." ದನಿ ತಗ್ಗಿತು. "ಗೆರೆ ಬದಲಾಗದೇ ಹೋದ್ರೂ ಇರ್ಲಿ ಅಂತ. ಇಲ್ಲಿ ಕ್ಲಾಸಲ್ಲಿ ಬರೀ ನಮ್ಮೋರೇ. ಹಿಂಗಾದ್ರೆ ಇಲ್ಲೀವರೆಗೆ ಬಂದಿದ್ದು ಯಾಕೆ?"

"ಮತ್ತೆ ನಾನು ಯಾರ ಪರವಾಗಿ ಮಾತಾಡ್ಲಿ?"

"ನಮ್ಮ ಪರವಾಗೇ," ಎಂದಳು ಸಿಂಧು ಆಶ್ಚರ್ಯದಿಂದ.

ಅಷ್ಟರಲ್ಲಿ ಹೆಸರು ಕರೆದರು. 'ವಾಸುಂದಾರಾ' ಆಗಿ ಬಂದ ಹೆಸರಿಗೆ ಎದ್ದು ನಿಂತಳು. ನೆರೆಹೊರೆ ಎಂದಳು. ಸಮುದಾಯ ಎಂದಳು. ಮುಂದಿನ ಸಾಲಿನಲ್ಲಿ ಒಬ್ಬ ಫೋನ್ ನೋಡುತ್ತಿದ್ದ. ಇದ್ದಕ್ಕಿದ್ದಂತೆ ಹೊಂದಿಸಿಟ್ಟ ವಾದ ಎಲ್ಲೋ ಜಾರಿತು. ಹುಡುಕಿದರೆ ಸಿಕ್ಕಿದ್ದು ಬೇರೆಯೇ.

"ನಾನು ದಿನಾ ಮಗಳಿಗೆ ಬೇಲಿಯ ಮೇಲಿಂದ ಬಿಸಿ ಊಟ ಕೊಡುತ್ತೇನೆ," ಎಂದಳು. "ಅನ್ನ, ಸಾರು. ಗಂಟೆ ಕೇಳಿಸಿದ ಮೇಲೆ ಒಗ್ಗರಣೆ ಹಾಕಿದರೂ ಸಾಕು. ಅಷ್ಟು ಹತ್ತಿರ. ನೀವು ನಕ್ಷೆಯಲ್ಲಿ ಅದನ್ನು ಕಡಿಯುತ್ತಿದ್ದೀರಿ."

ಸಭೆ ಮೃದುವಾಗಿ ನಕ್ಕಿತು. ಯಾರೋ "ಆ, ಲವ್ಲೀ," ಎಂದರು. ಚಪ್ಪಾಳೆ ಬಿತ್ತು. ಕೂತಾಗ ಕಿವಿ ಬಿಸಿಯಾಗಿತ್ತು. ಎಷ್ಟೋ ವರ್ಷಗಳ ಮೇಲೆ ತನ್ನ ಮಾತನ್ನು ಯಾರೋ ಕೇಳಿದರು ಎನಿಸಿ, ಅದಕ್ಕೇ ಸ್ವಲ್ಪ ನಾಚಿಕೆಯಾಯಿತು.

ಆಮೇಲೆ ಎದ್ದವನು ಕಾಲುವೆ ಆಚೆಯವನು. ಬಿಳಿಗಡ್ಡ, ಮಳೆಕೋಟು, ಒಳ್ಳೆಯ ಮುಖ.

"ಆ ತಾಯಿ ಹೇಳಿದ್ದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ," ಎಂದ. "ಮಕ್ಕಳು ಮನೆಯ ಹತ್ತಿರ ಇರಬೇಕು. ನಮ್ಮ ಮೊಮ್ಮಕ್ಕಳನ್ನು ಬಸ್ಸು ಹತ್ತಿಸಿ ಇಲ್ಲಿಗೆ ಕಳಿಸುವುದು ಬೇಡ. ಯಾರ ಮೇಲೂ ನಮಗೆ ಏನೂ ಇಲ್ಲ. ಅವರವರು ಅವರವರ ಹತ್ತಿರ ಇದ್ದರೆ ಎಲ್ಲರಿಗೂ ಸುಖ. ಆ ಬಿಸಿ ಊಟದ ಹಾಗೆ."

ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಗ್ರಾನ್ಯ ಎದ್ದು ನಿಂತು ತಟ್ಟುತ್ತಿದ್ದಳು. ಸಿಂಧು ಕೂಡ ತಟ್ಟಿದಳು. ವಸುಂಧರಾ ಎರಡು ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವನು ಅವಳ ಮಾತನ್ನು ತಿರುಚಿರಲಿಲ್ಲ. ಅದು ಇದ್ದ ಹಾಗೆಯೇ ಅವನಿಗೆ ಸರಿಯಾಗಿ ಹೊಂದಿತ್ತು. ಎದ್ದು, ಇಲ್ಲ, ನಾನು ಹೇಳಿದ್ದು ಅದಲ್ಲ ಎನ್ನಬೇಕಿತ್ತು. ಆದರೆ ಅದಲ್ಲದೆ ಇನ್ನೇನು ಹೇಳಿದ್ದು? ತುಮಕೂರಿನಲ್ಲಿ ಮನೆಯ ಎದುರಿಗೇ ಶಾಲೆ ಇತ್ತು. ಅಲ್ಲಿ ಎಂಥೆಂಥವರ ಮಕ್ಕಳೋ ಬರುತ್ತಾರೆಂದು ಅಪ್ಪ ಅವಳನ್ನು ಊರಿನ ಆ ತುದಿಯ ಕಾನ್ವೆಂಟಿಗೆ ಆಟೋದಲ್ಲಿ ಕಳಿಸುತ್ತಿದ್ದರು. ಅಮ್ಮ ಬಿಸಿ ಡಬ್ಬಿ ಹಿಡಿದು ಸಿಟಿ ಬಸ್ಸಿನಲ್ಲಿ ಹಿಂದೆಯೇ ಬರುತ್ತಿದ್ದಳು. ಆಗ ದೂರವೆಂದು ಯಾರಿಗೂ ಅನಿಸಿರಲಿಲ್ಲ.

ನಕ್ಷೆಯ ಬಳಿ ನಿಂತಿದ್ದ ಅಧಿಕಾರಿ, ತೆಳ್ಳಗಿನ ಯುವತಿ, ವಾತಾವರಣ ತಿಳಿಮಾಡಲೆಂದು ಹಿಂಬದಿಗೆ ತಿರುಗಿ ನಕ್ಕಳು. "ನಾವು ದೊಡ್ಡವರೇ ಮಾತಾಡುತ್ತಿದ್ದೇವೆ. ಮಕ್ಕಳೇ, ಬಸ್ಸಿನಲ್ಲಿ ಹೋಗುವುದು ಯಾರಿಗೆ ಇಷ್ಟ?"

ಕೆಲವು ಕೈಗಳು ಎದ್ದವು. ಎಲ್ಲಕ್ಕಿಂತ ಮೊದಲು ಎದ್ದದ್ದು ಪ್ರೇರಣಾಳದು. ನೆಟ್ಟಗೆ, ಮೊಣಕೈ ಬಾಗದಂತೆ, ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದಿದ್ದಳು. ಅಧಿಕಾರಿ ಬೇರೆ ಮಾತಿಗೆ ಹೋದಳು, ಮಿಕ್ಕ ಕೈಗಳು ಇಳಿದವು. ಆ ಒಂದು ಕೈ ಇನ್ನೂ ಮೇಲೇ ಇತ್ತು.

"ಬಸ್ಸು ಅಂದ್ರೆ ಮಕ್ಕಳಿಗೆ ಖುಷಿ ಅಲ್ವಾ ಅಕ್ಕ," ಎಂದಳು ಸಿಂಧು.

ತೀರ್ಮಾನ ಮುಂದಿನ ತಿಂಗಳು ಎಂದು ಹೇಳಿ ಸಭೆ ಮುಗಿಸಿದರು. ಹೊರಗೆ ಗ್ರಾನ್ಯ ತೋಳು ಹಿಡಿದು, "ನೀನು ಬ್ರಿಲಿಯಂಟ್!" ಎಂದಳು. ಬಿಳಿಗಡ್ಡದವನು ದೂರದಿಂದ ತಲೆ ಬಾಗಿಸಿದ. ವಸುಂಧರಾ ಇಬ್ಬರಿಗೂ ನಕ್ಕಳು.

ಮಗಳು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದಳು.

"ಯಾಕೆ ಕೈ ಎತ್ತಿದೆ?"

"ಇಟ್ಸ್ ಓನ್ಲಿ ಎ ಬಸ್, ಮಾಮ್."

"ಅಲ್ಲಿ ನಿಂಗೆ ಯಾರೂ ಗೊತ್ತಿಲ್ಲ."

"ಐ ನೋ."

"ಮತ್ತೆ ಬಿಸಿ ಊಟ?"

ಪ್ರೇರಣಾ ಸ್ವಲ್ಪ ದೂರ ಹೋಗಿ ನಿಂತಳು. ಆಮೇಲೆ ಅಪರೂಪಕ್ಕೆ, ಒಂದೊಂದೇ ಪದವನ್ನು ಹುಡುಕಿ ತಂದು ಇಡುವವಳ ಹಾಗೆ, ಕನ್ನಡದಲ್ಲಿ ಹೇಳಿದಳು. "ನಾನು ತಿನ್ನಲ್ಲ ಅಮ್ಮ. ಬಿನ್‌ಗೆ ಹಾಕ್ತೀನಿ. ಆಮೇಲೆ ತೊಳೀತೀನಿ."

"ದಿನಾನಾ?"

"ನೀನು ನೋಡ್ತಾ ಇರ್ತೀಯಲ್ಲ. ಅದಕ್ಕೆ ತಿನ್ನೋ ಥರ ಮಾಡ್ತೀನಿ."

ಕನ್ನಡ ಇಷ್ಟು ಚೆನ್ನಾಗಿ ಬರುತ್ತದೆ ಇವಳಿಗೆ ಎಂಬುದೇ ಮೊದಲು ಹೊಳೆದದ್ದು. ಬೈಯಬೇಕು ಎನಿಸಿತು. ಯಾವುದಕ್ಕೆ ಎಂದು ತಿಳಿಯಲಿಲ್ಲ. ಬಾಯಿ ತೆರೆದರೆ ಬಂದದ್ದು, "ಉಪ್ಪು ಜಾಸ್ತಿ ಆಗಿತ್ತಾ?"

"ನೋ. ಐ ಡೋಂಟ್ ನೋ," ಎಂದಳು ಮಗಳು.

ಬಡಾವಣೆಯ ಪ್ರವೇಶದ ಹತ್ತಿರ ಒಂದು ದೊಡ್ಡ ಬಸ್ಸು ತಿರುಗಿ ಬಂತು. ಈ ಬೀದಿಗೆ ಬಸ್ಸು ಬರುವುದೇ ಇಲ್ಲ. ಹಣೆಯ ಮೇಲೆ ಸಂಖ್ಯೆಯಿಲ್ಲ, ಊರಿನ ಹೆಸರಿಲ್ಲ. ಒಳಗೆ ದೀಪವೆಲ್ಲ ಹೊತ್ತಿತ್ತು, ಸೀಟುಗಳೆಲ್ಲ ಖಾಲಿ. ಅವರ ಪಕ್ಕಕ್ಕೇ ಬಂದು ನಿಂತು ಬಾಗಿಲು ತೆರೆಯಿತು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು.

"ಹತ್ತುವ ಹಾಗಿಲ್ಲ," ಎಂದ ಡ್ರೈವರ್ ಗಡಿಯಾರದಿಂದ ಕಣ್ಣೆತ್ತದೆ. "ಹೊಸ ದಾರಿ. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುತ್ತಿದ್ದೇನೆ, ಅಷ್ಟೇ."

"ಇನ್ನೂ ತೀರ್ಮಾನವೇ ಆಗಿಲ್ಲವಲ್ಲ?" ಎಂದಳು ವಸುಂಧರಾ.

"ನನಗೆ ಅದೆಲ್ಲ ಹೇಳುವುದಿಲ್ಲ."

ಅವನು ಕಾಯುತ್ತಿದ್ದ. ಮಕ್ಕಳು ಒಬ್ಬರ ಹಿಂದೆ ಒಬ್ಬರು ಹತ್ತಿ, ಬ್ಯಾಗ್ ತೆಗೆದಿಟ್ಟು, ಜಾಗಕ್ಕೆ ಜಗಳವಾಡಿ ಕೂರಲು ಬೇಕಾಗುವಷ್ಟು ಹೊತ್ತು. ಆಮೇಲೆ ಬಾಗಿಲು ಉಸಿರು ಬಿಟ್ಟು ಮುಚ್ಚಿಕೊಂಡಿತು. ಬಸ್ಸು ನಿಧಾನವಾಗಿ ಹೊರಟಿತು. ಬೆಳಗಿದ ಖಾಲಿ ಕಿಟಕಿಗಳು ಒಂದೊಂದಾಗಿ ಅವರನ್ನು ದಾಟಿದವು.

"ಮಾಮ್," ಎಂದಳು ಪ್ರೇರಣಾ, ಮೆಲ್ಲಗೆ. "ಹೂ ಆರ್ ಯೂ ವೇವಿಂಗ್ ಅಟ್?"

ವಸುಂಧರಾ ತಲೆಯೆತ್ತಿ ನೋಡಿದಳು. ತನ್ನ ಬಲಗೈ ಮಗುವನ್ನು ಬಸ್ಸು ಹತ್ತಿಸಿದ ತಾಯಿಯ ಕೈಯ ಹಾಗೆ ಮೇಲೆದ್ದಿತ್ತು. ಬೀಸುತ್ತಿತ್ತು. ಅದನ್ನು ಇಳಿಸಬೇಕೆಂದುಕೊಂಡಳು. ಮುಂದಿನ ತಿರುವಿನಲ್ಲಿ ಬಸ್ಸು ಮತ್ತೆ ನಿಂತಿತು, ಬಾಗಿಲು ತೆರೆಯಿತು, ಯಾರಿಗೋ ಕಾಯತೊಡಗಿತು. ಕೈ ಇನ್ನೂ ಬೀಸುತ್ತಲೇ ಇತ್ತು.